ಏಳಕ್ಕೆ ಆರು

ಪರರಾಜ್ಯದ ಹಣವನ್ನು ಪಡೆಯಬೇಕಾದರೆ ಸಮುದ್ರವನ್ನು ದಾಟಿ ಹೋಗುವವನಾಗಿರಬೇಕೆಂಬ ಭಾವನೆ ಈಚಿನದು. ಬೀದರ್ ಜಿಲ್ಲೆಯ ಹುಲಸೂರು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, ಧಾನ್ಯವನ್ನು ಮಾರಲೆಂದಾಗಲಿ ಗಿರಣಿಯ ಕೂಲಿಯನ್ನರಸಿಯಾಗಲಿ ಮುಂಬಯಿ ಪ್ರಾಂತದ ಸೊಲ್ಲಾಪುರಕ್ಕೆ ಹೊರಟವನು, ಅಲ್ಲಿ ತನ್ನ ಮಾತನ್ನಾಡುವವರೂ ತನ್ನ ನಂಟರೂ ಇದ್ದಾಗ್ಯೂ, ಕೈಯಲ್ಲಿದ್ದ ನಿಜಾಮರ ಹಾಲಿ ಸಿಕ್ಕಾ ರೂಪಾಯಿಯನ್ನು ಕೊಟ್ಟು ಬ್ರಿಟಿಷರ ಕಲ್ದಾರ್ ರೂಪಾಯಿಯನ್ನು ಪಡೆಯಬೇಕಾಗುತ್ತಿತ್ತು. ಹಾಲಿ ಏಳಕ್ಕೆ ಕಲ್ದಾರ್ ಆರು ಎಂಬುದು ಸ್ಥೂಲವಾದ ದರ.

ಈ ವಿನಿಮಯದಲ್ಲಿ ಬಡವನಿಗೆ ಅನ್ಯಾಯವಾಗುತ್ತಿತ್ತೇ? ಏಳು ಕೊಟ್ಟು ಆರು ಪಡೆದವನಿಗೆ ನಷ್ಟವಾದಂತೆ ತೋರುವುದು ಸಹಜ. ಆದರೆ ಹೈದರಾಬಾದಿನ ಬೆಳ್ಳಿಯ ರೂಪಾಯಿ ಹನ್ನೊಂದು ಗ್ರಾಮಿಗೆ ತುಸು ಹೆಚ್ಚು ತೂಗುತ್ತಿದ್ದು, ನೂರಕ್ಕೆ ಸುಮಾರು 82 ಪಾಲು ಶುದ್ಧ ಬೆಳ್ಳಿಯುಳ್ಳದ್ದು. ಕಲ್ದಾರ್ ಅದಕ್ಕಿಂತ ಭಾರವಾದದ್ದು, ಸುಮಾರು 92 ಪಾಲು ಬೆಳ್ಳಿಯದ್ದು. ಲೆಕ್ಕ ಹಾಕಿದರೆ ಏಳು ಹಾಲಿ ರೂಪಾಯಿಗಳ ಬೆಳ್ಳಿ ಆರು ಕಲ್ದಾರಿನ ಬೆಳ್ಳಿಗೆ ಹೆಚ್ಚುಕಡಿಮೆ ಸಮನಾಗುತ್ತದೆ. ಮುಂದೆ 1940ರಲ್ಲಿ ಬ್ರಿಟಿಷ್ ಸರ್ಕಾರ ತನ್ನ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕಿಳಿಸಿದ ಮೇಲೆಯೂ ಆ ದರ ಕುಸಿಯಲಿಲ್ಲ. ಲೋಹ ಹಿಂದೆ ಸರಿದಾಗ ಸರ್ಕಾರದ ವಾಗ್ದಾನ ಅದರ ಸ್ಥಾನದಲ್ಲಿ ನಿಂತಿತು. ಅಂತಹ ವಾಗ್ದಾನ ಎಷ್ಟು ದುರ್ಬಲವೆಂಬುದನ್ನೂ ಈ ನೆಲ ಕಂಡಿದೆ: 1947ರ ನವೆಂಬರಿನಲ್ಲಿ ಭಾರತದೊಡನೆ ಯಥಾಸ್ಥಿತಿಯ ಒಪ್ಪಂದವಾದ ಸ್ವಲ್ಪ ಕಾಲದಲ್ಲಿಯೇ ನಿಜಾಮರ ಸರ್ಕಾರ ಭಾರತದ ನಾಣ್ಯಕ್ಕೆ ತನ್ನ ಸಂಸ್ಥಾನದಲ್ಲಿ ಮಾನ್ಯತೆಯಿಲ್ಲವೆಂದು ಸುಗ್ರೀವಾಜ್ಞೆ ಹೊರಡಿಸಿತು. ಸಂಸ್ಥಾನ ಭಾರತದಲ್ಲಿ ವಿಲೀನವಾದ ತರುವಾಯ ಭಾರತ ಸರ್ಕಾರ ಹಳೆಯ ದರವನ್ನೇ ಮನ್ನಿಸಿ, 1959ರಲ್ಲಿ ಹಾಲಿ ಸಿಕ್ಕಾ ಸಂಪೂರ್ಣ ರದ್ದಾಗುವತನಕ ಜನರಿಗೆ ಕಾಲಾವಕಾಶ ಕೊಟ್ಟದ್ದು ನಿಜವಾಗಿಯೂ ಪ್ರಶಂಸನೀಯ.

ಆದುದರಿಂದ ಅನ್ಯಾಯವಿರುವುದು ದರದಲ್ಲಲ್ಲ, ದರದ ಮರೆಯಲ್ಲಿ. ಹಣವನ್ನು ಶೇಖರಿಸಿಟ್ಟು, ಏರಿಳಿತದ ಅಪಾಯವನ್ನು ಹೊತ್ತು ಕುಳಿತ ಸರಾಫನಿಗೆ ಪ್ರತಿಫಲ ಸಲ್ಲಬೇಕೆಂಬ ವಾದವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಅದು ಎಷ್ಟೆಂದು ಗಿರಾಕಿಗೆ ತಿಳಿಯದಂತಿರುವುದನ್ನು ಒಪ್ಪಲಾರೆ. ಏಳಕ್ಕೆ ಆರನ್ನು ಅಕ್ಷರ ಬಾರದವನೂ ಬೆರಳ ಮೇಲೆ ಎಣಿಸಬಹುದಾಗಿತ್ತು. ಇಂದು ಹಜ್ ಯಾತ್ರೆಗೋ ಕೊಲ್ಲಿಯ ದುಡಿಮೆಗೋ ಈ ಸೀಮೆಯಿಂದ ಹೊರಟವನು ರಿಯಾಲನ್ನೋ ದಿರ್ಹಮನ್ನೋ ಕೊಳ್ಳುವಾಗ, ಕಮಿಷನ್ ಇಲ್ಲವೆಂಬ ಮಾತನ್ನು ನಂಬಿ, ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವೆ ಅಡಗಿರುವ ಅಂತರವನ್ನು ಗಮನಿಸದೆಯೇ ಹಣ ತೆರುತ್ತಾನೆ. ಪರದೇಶದ ಅಂಗಡಿಯಲ್ಲಿ ಕಾರ್ಡನ್ನು ಕೊಟ್ಟಾಗ, ಬೆಲೆಯನ್ನು ರೂಪಾಯಿಯಲ್ಲಿಯೇ ಹಿಡಿಯಬಹುದೇ ಎಂದು ಯಂತ್ರ ಕೇಳಿದರೆ ಅದನ್ನು ಉಪಕಾರವೆಂದು ಭಾವಿಸಿ, ಸಾಮಾನ್ಯವಾಗಿ ದುಬಾರಿಯಾದ ದರಕ್ಕೆ ಸಮ್ಮತಿಸುತ್ತಾನೆ. ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದವರಲ್ಲಿಯೇ ಹಣ ಬದಲಿಸಿ ರಸೀದಿ ಪಡೆಯಬೇಕೆಂಬ ಉಪದೇಶ ಯೋಗ್ಯವಾದದ್ದೇ. ಆದರೆ ರಸೀದಿ ಕೈಗೆ ಬರುವುದು ವ್ಯವಹಾರ ಮುಗಿದ ಮೇಲೆ.

ಹೈದರಾಬಾದಿನ ನೋಟಿನ ಮೇಲೆ ಉರ್ದುವಿನ ಜೊತೆಗೆ ಕನ್ನಡ, ಮರಾಠಿ, ತೆಲುಗುಗಳಲ್ಲಿಯೂ ಮೌಲ್ಯ ಮುದ್ರಿತವಾಗಿರುತ್ತಿತ್ತು. ಅರಸೊತ್ತಿಗೆಯೇ ಅಷ್ಟನ್ನು ಸಲ್ಲಿಸಿದ್ದರೆ, ಹಣ ತೆರುವುದಕ್ಕೆ ಮೊದಲು ಎರಡೂ ದರಗಳನ್ನೂ ತನಗೆ ತಗಲುವ ಒಟ್ಟು ಮೊತ್ತವನ್ನೂ ಕನ್ನಡದಲ್ಲಿ ಬರೆದು ತೋರಿಸಿರೆಂದು ಕೇಳುವ ಅಧಿಕಾರ ಪ್ರಜಾಪ್ರಭುತ್ವದ ಪ್ರಯಾಣಿಕನಿಗೆ ಇರತಕ್ಕದ್ದು.