ಪರಿಚಯದ ಸಹಿಯನ್ನೂ ತಾನೇ ತರುವ ಕಳ್ಳ

ಮಕ್ಕಳೇ, ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಹೊಸ ಖಾತೆ ತೆರೆಯಲು ಒಂದು ನಿಯಮವಿತ್ತು. ಮೊದಲೇ ಖಾತೆ ಇರುವ ಒಬ್ಬರು ಅರ್ಜಿಯ ಮೇಲೆ ಪರಿಚಯದ ಸಹಿ ಹಾಕಬೇಕು. “ಇವರು ನನಗೆ ಗೊತ್ತು” ಎನ್ನುವವರಿಲ್ಲದಿದ್ದರೆ ಖಾತೆಯೂ ಇಲ್ಲ. ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ, ಹೇಳುತ್ತಾರೆ.

ಕಳ್ಳನೊಬ್ಬ ತನ್ನ ಕಡೆಯವನನ್ನೇ ಮೊದಲು ಒಳಗೆ ಸೇರಿಸಿ, ಆಮೇಲೆ ಅವನಿಂದಲೇ ಸಹಿ ಹಾಕಿಸಿಕೊಂಡರೆ? ಹೀಗೇ ಮಾಡುವ ಒಂದು ಬ್ಯಾಕ್ಟೀರಿಯಾ ಇದೆ.

ಅದರ ಹೆಸರು ಇ. ಕೋಲಿ. 1885ರಲ್ಲಿ ಮಕ್ಕಳ ವೈದ್ಯ ಥಿಯೋಡರ್ ಎಷೆರಿಕ್ ಇದನ್ನು ಮೊದಲು ವಿವರಿಸಿದರು. ಈ ಜಾತಿಯ ಬಹುಪಾಲು ಬ್ಯಾಕ್ಟೀರಿಯಾಗಳು ನಮ್ಮೆಲ್ಲರ ಕರುಳಿನಲ್ಲಿ ಸಾಧುವಾಗಿ ಬಾಳುತ್ತವೆ. ಆದರೆ ಇ.ಪಿ.ಇ.ಸಿ. ಎಂಬ ಒಂದು ಬಗೆ ಎಳೆಯ ಕೂಸುಗಳಿಗೆ ಭೇದಿ ತರುತ್ತದೆ.

ಇದರ ಮೈಮೇಲೆ ಇಂಜೆಕ್ಷನ್ ಸೂಜಿಯಂಥ ಸಾಧನವಿದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ಈ ಸೂಜಿಯ ತೂತು ಎರಡು ಮೂರು ನ್ಯಾನೋಮೀಟರ್ ಅಷ್ಟೇ! ಉಂಡೆಯಂತೆ ಮಡಚಿಕೊಂಡಿರುವ ಪ್ರೋಟೀನು ಅದರಲ್ಲಿ ತೂರುವುದಿಲ್ಲ. ಹಾಗಾಗಿ ಉಂಡೆ ಬಿಚ್ಚಿಕೊಂಡು, ನೂಲಿನ ಎಳೆಯಂತಾಗಿ ಸೂಜಿಯೊಳಗೆ ಸಾಗಿ ನಮ್ಮ ಕರುಳಿನ ಜೀವಕೋಶ ಸೇರುತ್ತದೆ.

ಹೀಗೆ ಸೇರುವ ಪ್ರೋಟೀನುಗಳಲ್ಲಿ ಒಂದರ ಹೆಸರು ಟಿರ್. ಅದು ಜೀವಕೋಶದ ಹೊರಪೊರೆಯಲ್ಲಿ ನೆಲೆಯೂರಿ, ಹೊರಗೆ ಕೈ ಚಾಚಿ ನಿಲ್ಲುತ್ತದೆ. ಬ್ಯಾಕ್ಟೀರಿಯಾದ ಮೈಮೇಲಿರುವ ಇಂಟಿಮಿನ್ ಎಂಬ ಇನ್ನೊಂದು ಪ್ರೋಟೀನು ಆ ಕೈಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ನೋಡಿದಿರಾ? ಪರಿಚಯ ಹೇಳುವವನೂ ಕಳ್ಳನ ಕಡೆಯವನೇ!

ವಿಜ್ಞಾನಿಗಳೂ ಮೋಸಹೋಗಿದ್ದರು. ಟಿರ್ ನಮ್ಮ ಜೀವಕೋಶದ್ದೇ ಸೊತ್ತು ಎಂದುಕೊಂಡಿದ್ದರು. ಅದು ಬ್ಯಾಕ್ಟೀರಿಯಾ ಕಳಿಸಿದ್ದು ಎಂದು 1997ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಬ್ರೆಟ್ ಫಿನ್ಲೆ ಅವರ ತಂಡ ಪತ್ತೆಮಾಡಿತು.

ಕರುಳಿನ ಜೀವಕೋಶಗಳ ಮೇಲೆ ಆಹಾರದ ಸಾರ ಹೀರುವ, ಮಖಮಲ್ಲಿನ ನವಿರಿನಂಥ ಎಳೆಗಳಿರುತ್ತವೆ. ಬ್ಯಾಕ್ಟೀರಿಯಾ ಅಂಟಿಕೊಂಡ ಕಡೆ ಅವು ನಾಶವಾಗುತ್ತವೆ. ಮೋಸಹೋದ ಜೀವಕೋಶ ಅಲ್ಲಿ ಬ್ಯಾಕ್ಟೀರಿಯಾ ಕೂರಲು ಒಂದು ಪೀಠವನ್ನೇ ಕಟ್ಟಿಕೊಡುತ್ತದೆ! ಇತ್ತ ಕೂಸಿಗೆ ಭೇದಿ.

ನನ್ನ ಮೊಮ್ಮಗನಿಗೆ ಎಂಟು ತಿಂಗಳಾಗಿದ್ದಾಗ ಹೀಗೇ ಭೇದಿಯಾಯಿತು. ಯಾವ ಸೂಕ್ಷ್ಮಾಣುವೋ, ಯಾರೂ ಹುಡುಕಲಿಲ್ಲ. ಸಂಜೆಯ ಹೊತ್ತಿಗೆ ಕಣ್ಣು ಗುಳಿಬಿದ್ದು, ಅಳಲೂ ತ್ರಾಣವಿರಲಿಲ್ಲ. “ಹಾಲು ನಿಲ್ಲಿಸಮ್ಮ, ಹೊಟ್ಟೆಗೆ ಬಿಡುವು ಸಿಗಲಿ” ಎಂದು ಸೊಸೆಗೆ ಹೇಳಿದವನು ನಾನೇ. ಡಾಕ್ಟರು ನನ್ನನ್ನೇ ಗದರಿದರು: “ಎದೆಹಾಲು ನಿಲ್ಲಿಸಲೇಬಾರದು ಯಜಮಾನರೇ. ಜೊತೆಗೆ ಓ.ಆರ್.ಎಸ್. ನೀರನ್ನು ಚಮಚದಲ್ಲಿ ಕುಡಿಸುತ್ತಿರಿ.” ರಾತ್ರಿಯಿಡೀ ಕುಡಿಸಿದೆವು. ಬೆಳಿಗ್ಗೆ ಮಗು ನನ್ನ ಕನ್ನಡಕಕ್ಕೆ ಕೈಹಾಕಿತು. ಆಗ ನನಗೆ ಉಸಿರು ಬಂತು.

ಈ ಕಳ್ಳ ಬರುವುದು ಕೊಳೆಯಾದ ಕೈ, ನೀರು, ಹಾಲಿನ ಬಾಟಲಿಯ ಮೂಲಕ. ಆದ್ದರಿಂದ ಮಕ್ಕಳೇ, ತಮ್ಮನನ್ನೋ ತಂಗಿಯನ್ನೋ ಎತ್ತಿಕೊಳ್ಳುವ ಮುಂಚೆ ಸೋಪು ಹಚ್ಚಿ ಕೈ ತೊಳೆಯಿರಿ. ಅಜ್ಜ ಮರೆತರೆ ನೆನಪಿಸಿ. ನಮ್ಮ ಮನೆಯಲ್ಲಿ ಆ ಮೊಮ್ಮಗನೇ ಈಗ ನನ್ನನ್ನು ತಡೆದು ಕೇಳುತ್ತಾನೆ: “ತಾತ, ಕೈ ತೋರಿಸು!”