ಪರೀಕ್ಷೆ ಬೆಳೆಯಿತು, ಪುರಸೊತ್ತು ಬೆಳೆಯಲಿಲ್ಲ



ವಿಲೆ ಪಾರ್ಲೆಯ ಕೂಪರ್ ಆಸ್ಪತ್ರೆ ನಮ್ಮ ಪಾಲಿನ ದೊಡ್ಡ ಆಸರೆ. 2015ರಲ್ಲಿ ಅದಕ್ಕೆ ವೈದ್ಯಕೀಯ ಕಾಲೇಜು ಸೇರಿತು. 2022ರಲ್ಲಿ ಮಹಾನಗರಪಾಲಿಕೆಯು ‘ಆಪ್ಲಾ ದವಾಖಾನಾ’ಗಳನ್ನು ತೆರೆದು, 147 ಬಗೆಯ ಪರೀಕ್ಷೆಗಳು ಉಚಿತವೆಂದು ಸಾರಿತು. ಕಫದಲ್ಲಿ ಕ್ಷಯವಿದೆಯೇ, ರಿಫಾಂಪಿಸಿನ್ ಔಷಧಕ್ಕೆ ಅದು ಬಗ್ಗುವುದೇ ಎಂಬುದನ್ನು ಎರಡು ಗಂಟೆಯಲ್ಲಿ ಹೇಳುವ ಯಂತ್ರಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿ ಒಪ್ಪಿಗೆ ಕೊಟ್ಟಿತು. ಸರಕಾರದ ಕ್ಷಯ ಯೋಜನೆಯಲ್ಲಿ ಈ ಪರೀಕ್ಷೆಗೆ ಕಾಸು ಕೊಡಬೇಕಾಗಿಲ್ಲ. ಇದೆಲ್ಲ ಪ್ರಗತಿಯೇ. ಅಲ್ಲವೆನ್ನುವವರು ನಾವಲ್ಲ.

ಆದರೆ ವರ್ಷದ ಕೊನೆಗೆ ‘ಇಷ್ಟು ಪರೀಕ್ಷೆ ಮಾಡಿದೆವು’ ಎಂದು ಲೆಕ್ಕ ಕೊಡುವವರನ್ನು ಒಂದು ಮಾತು ಕೇಳುತ್ತೇವೆ: ಅದರಲ್ಲಿ ಹೋಟೆಲ್ ಕಾರ್ಮಿಕನ ರಕ್ತ ಎಷ್ಟು ತೊಟ್ಟು?

ಆಸ್ಪತ್ರೆಯಲ್ಲಿ ಚೀಟಿ ಕೊಡುವುದು ಬೆಳಿಗ್ಗೆ. ಹೋಟೆಲಿನಲ್ಲಿ ಇಡ್ಲಿಗೆ ಗಿರಾಕಿ ನುಗ್ಗುವುದೂ ಬೆಳಿಗ್ಗೆ. ಡಾಕ್ಟರಿಗೆ ತೋರಿಸಲು ಒಂದು ದಿನ, ರಕ್ತ ಕೊಡಲು ಇನ್ನೊಂದು ದಿನ, ರಿಪೋರ್ಟ್ ತರಲು ಮತ್ತೊಂದು ದಿನ ಹೋದರೆ ಮೂರು ದಿನದ ಪಗಾರ ಹೋಯಿತು. ಉಚಿತ ಪರೀಕ್ಷೆಯ ನಿಜವಾದ ದರ ಇದು.

ಧಣಿಗಳು ಹೇಳುತ್ತಾರೆ: “ಹುಡುಗರಿಗೇ ಆರೋಗ್ಯದ ಮೇಲೆ ಲಕ್ಷ್ಯವಿಲ್ಲ.” ಲಕ್ಷ್ಯ ಯಾರಿಗಿಲ್ಲ? ಆಹಾರ ಮುಟ್ಟುವ ಕೆಲಸಗಾರನಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕೆಂದು 2011ರ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ವಿಷಮಶೀತ ಜ್ವರದಂಥ ಕರುಳಿನ ರೋಗಗಳಿಗೆ ಲಸಿಕೆಯನ್ನೂ ಹಾಕಿಸಬೇಕು. ಇನ್‌ಸ್ಪೆಕ್ಟರ್ ಬಂದಾಗ ತೋರಿಸಲು ಸರ್ಟಿಫಿಕೇಟು ಕಡತದಲ್ಲಿ ಸಿದ್ಧವಿರುತ್ತದೆ, ಮೊಹರು ಸಹಿತ. ಕ್ಲೀನರ್ ಹುಡುಗನನ್ನು ಕೇಳಿ ನೋಡಿ: ನಿನ್ನ ತೋಳಿಗೆ ಸೂಜಿ ತಾಗಿದ್ದು ಯಾವಾಗ? ಅವನು ನಕ್ಕುಬಿಡುತ್ತಾನೆ. ತಪಾಸಣೆಯಾದವನಿಗೇ ಗೊತ್ತಾಗದಂತೆ ತಪಾಸಣೆ ನಡೆಯುವ ವಿದ್ಯೆಯನ್ನು ಯಾವ ಪ್ರಯೋಗಶಾಲೆ ಕಂಡುಹಿಡಿಯಿತು?

ಪುರಸೊತ್ತು ಸಿಕ್ಕರೂ ಹುಡುಗ ಹಿಂಜರಿಯುತ್ತಾನೆ, ನಿಜ. ಆ ಹಿಂಜರಿಕೆಗೂ ಕಾರಣವಿದೆ. ಹೋಟೆಲಿನ ಮಾಳಿಗೆಯಲ್ಲೇ ಮಲಗುವವನಿಗೆ ಕೆಲಸ ಹೋದರೆ ಮಲಗುವ ಜಾಗವೂ ಹೋಯಿತು, ಉಣ್ಣುವ ತಟ್ಟೆಯೂ ಹೋಯಿತು. ಕ್ಷಯವೆಂದು ರಿಪೋರ್ಟ್ ಬಂದ ದಿನವೇ ಊರಿನ ಬಸ್ಸು ಹತ್ತಿಸುತ್ತಾರೆ ಎಂಬ ಭಯ. ಅದಕ್ಕೇ ಕೆಮ್ಮನ್ನು ಟವೆಲಿನಲ್ಲಿ ಅಡಗಿಸಿಕೊಂಡು ಚಹಾ ಹಂಚುತ್ತಾನೆ. ಪಕ್ಕದಲ್ಲಿ ಮಲಗಿದ ನಾಲ್ವರಿಗೂ ಅಪಾಯ, ಗಿರಾಕಿಗೂ ಅಪಾಯ, ಗಲ್ಲಾದಲ್ಲಿ ಕುಳಿತ ಧಣಿಗೂ ಅಪಾಯ.

ಗಿರಣಿಯ ಅಣ್ಣಂದಿರಿಗೆ ಇದರ ಮದ್ದು ಗೊತ್ತು. 1948ರ ಕಾನೂನಿನಿಂದ ಹುಟ್ಟಿದ ಇ.ಎಸ್.ಐ. ಯೋಜನೆಯಲ್ಲಿ ಹೆಸರಿದ್ದು, ಎರಡು ವರ್ಷ ಸತತ ಕೆಲಸ ಮಾಡಿ, ವಂತಿಗೆಯ ಷರತ್ತು ಪೂರೈಸಿದವನಿಗೆ ಕ್ಷಯ ತಗಲಿದರೆ ಪಗಾರದ ಶೇಕಡಾ 80ರಷ್ಟು ಭತ್ಯ ಸಿಗುತ್ತದೆ. ಅದನ್ನು ಎರಡು ವರ್ಷದವರೆಗೂ ಮುಂದುವರಿಸಬಹುದು. ಹತ್ತು ಜನ ದುಡಿಯುವ ಹೋಟೆಲಿಗೂ ಈ ಯೋಜನೆ ಅನ್ವಯಿಸುತ್ತದೆ. ಆದರೆ ಹದಿನೈದು ಜನ ದುಡಿಯುವಲ್ಲಿ ಪುಸ್ತಕದಲ್ಲಿ ಎಂಟೇ ಹೆಸರು ಬರೆದರೆ ಉಳಿದ ಏಳು ಜನರಿಗೆ ಮಾತ್ರವಲ್ಲ, ಆ ಎಂಟು ಜನರಿಗೂ ಇ.ಎಸ್.ಐ. ಸಿಗದು. ರಿಪೋರ್ಟ್ ಅವರಿಗೆ ಮದ್ದಿನ ಚೀಟಿಯಲ್ಲ, ಊರಿನ ಟಿಕೇಟು.

ಹಗಲು ಧಣಿಯದಾಯಿತೆಂದು ನಮ್ಮ ಹಿರಿಯರು ಕೈಕಟ್ಟಿ ಕೂರಲಿಲ್ಲ. ಈ ಮುಂಬಯಿಯಲ್ಲಿ ರಾತ್ರಿ ಶಾಲೆಗಳನ್ನು ಕಟ್ಟಿದರು. ಲೋಟ ತೊಳೆದ ಕೈಗಳು ರಾತ್ರಿ ಬಳಪ ಹಿಡಿದವು. ಅಕ್ಷರಕ್ಕೆ ರಾತ್ರಿಯಾದರೆ ಆರೋಗ್ಯಕ್ಕೇಕೆ ಆಗದು?

ಆದ್ದರಿಂದ ನಮ್ಮ ಬೇಡಿಕೆ ನಾಲ್ಕು. ವರ್ಷದ ತಪಾಸಣೆ ನಿಜವಾಗಿ ನಡೆಯಲಿ, ಆ ದಿನದ ಪಗಾರ ಕಡಿಯಬಾರದು. ರಿಪೋರ್ಟ್ ಮೊದಲು ಕಾರ್ಮಿಕನ ಕೈಗೆ ಬರಲಿ. ರೋಗ ಕಂಡವನನ್ನು ಕೆಲಸದಿಂದ ತೆಗೆಯದೆ ಇ.ಎಸ್.ಐ.ಗೆ ಹೆಸರು ಬರೆಸಲಿ. ರಕ್ತ, ಕಫ ತೆಗೆದುಕೊಳ್ಳುವ ಕಿಟಕಿ ವಾರದಲ್ಲಿ ಎರಡು ರಾತ್ರಿಯಾದರೂ ನಮಗಾಗಿ ತೆರೆದಿರಲಿ.

ಬಾಂಧವರೇ, ಈ ವಾರವೇ ನಿಮ್ಮ ಹೋಟೆಲಿನ ಕಡತದಲ್ಲಿರುವ ನಿಮ್ಮ ಸರ್ಟಿಫಿಕೇಟನ್ನು ಕೇಳಿರಿ. ಒಬ್ಬನೇ ಕೇಳಬೇಡಿ, ಎಲ್ಲರೂ ಸೇರಿ ಕೇಳಿರಿ.