ಕೂಸು ಹುಟ್ಟುವ ಮುನ್ನ ಕುಲಾವಿ

ನಮ್ಮ ಇಗರ್ಜಿಯ ಸಮಿತಿಯಲ್ಲಿ ನಾನೊಬ್ಬ ಜಗಳಗಂಟನೆಂದು ಹೆಸರಾಗಿ ಕೆಲವು ವರ್ಷಗಳಾದುವು. ಜಗಳಕ್ಕೆ ಕಾರಣ ಹಣವಲ್ಲ, ಅಧಿಕಾರವಲ್ಲ, ಒಂದು ಕೂಸು. ಡಿಸೆಂಬರದ ಎರಡನೆಯ ಭಾನುವಾರಕ್ಕೇ ಗೋದಲಿ ಕಟ್ಟಿ, ಹುಲ್ಲಿನ ಮೇಲೆ ಬಾಲಯೇಸುವಿನ ಪ್ರತಿಮೆಯನ್ನು ಮಲಗಿಸಿ, ದೀಪಗಳ ನಡುವೆ ಜನನದ ಹಾಡುಗಳ ಸ್ಪರ್ಧೆ ಏರ್ಪಡಿಸುವವರೊಡನೆ ನನ್ನ ವ್ಯಾಜ್ಯ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದವರನ್ನು ಕಂಡು ನಮ್ಮ ಅಜ್ಜಿಯರು ನಕ್ಕರು. ಇವರೋ ಕುಲಾವಿಯ ಮಾತು ಹಾಗಿರಲಿ, ಕೂಸನ್ನೇ ಮುಂಗಡವಾಗಿ ತರಿಸಿಬಿಟ್ಟಿದ್ದಾರೆ!

ಕ್ರೈಸ್ತರಲ್ಲದ ವಾಚಕರಿಗೆ ಸಂಗತಿಯನ್ನು ಬಿಡಿಸಿ ಹೇಳಬೇಕು. ಧರ್ಮಸಭೆಯ ವರ್ಷ ಜನವರಿ 1ರಂದು ಮೊದಲಾಗುವುದಿಲ್ಲ. ಪ್ರೇಷಿತ ಅಂದ್ರೆಯರ ದಿನವಾದ ನವೆಂಬರ್ 30ಕ್ಕೆ ಅತಿ ಸಮೀಪದ ಭಾನುವಾರವೇ ನಮ್ಮ ಯುಗಾದಿ. ಅಂದಿನಿಂದ ನಾಲ್ಕು ಭಾನುವಾರ ಆಗಮನ ಕಾಲ. ಗುರುಗಳು ನೇರಳೆ ಬಣ್ಣದ ಉಡುಪು ತೊಡುತ್ತಾರೆ. ಭಾನುವಾರದ ಪೂಜೆಯಲ್ಲಿ ಮಹಿಮಾಗೀತೆ ನಿಂತುಹೋಗುತ್ತದೆ. ಯೆಶಾಯ ಪ್ರವಾದಿಯ ಮಾತು, ಸ್ನಾನಿಕ ಯೊವಾನ್ನರ ಗದರಿಕೆ ಕೇಳಿಬರುತ್ತವೆ. ಮೂರನೆಯ ಭಾನುವಾರ ಮಾತ್ರ ನೇರಳೆಯನ್ನು ಬಿಟ್ಟು ಗುಲಾಬಿ ಬಣ್ಣವನ್ನು ಉಡಬಹುದು, ಬೆಳಗಿನ ಜಾವದ ಮೋಡಕ್ಕೆ ತುಸು ಕೆಂಪು ಹತ್ತಿದ ಹಾಗೆ. ಹಬ್ಬ ಹುಟ್ಟುವುದು 24ರ ರಾತ್ರಿ. ಹುಟ್ಟಿದ ಮೇಲೆ ಅದು ಒಂದೇ ದಿನಕ್ಕೆ ಸಾಯುವುದೂ ಇಲ್ಲ. ಜನವರಿಯಲ್ಲಿ ಬರುವ ಪ್ರಭುವಿನ ದೀಕ್ಷಾಸ್ನಾನದ ಹಬ್ಬದವರೆಗೆ ನಡೆಯುತ್ತದೆ. ಈಗ ಆಗುತ್ತಿರುವುದೇನು? ಧರ್ಮಸಭೆ ಕಾದಿರುವಾಗ ನಾವು ಕುಣಿಯುತ್ತೇವೆ. ಧರ್ಮಸಭೆ ಹಾಡತೊಡಗಿದಾಗ ನಾವು ಏಣಿ ಹಾಕಿ ದೀಪದ ಸರ ಬಿಚ್ಚುತ್ತೇವೆ.

'ಈ ನೇರಳೆ, ಈ ಉಪವಾಸ ಎಲ್ಲವೂ ಯೂರೋಪಿನ ಚಳಿಗಾಲದ ಸರಕು ಮಾಸ್ತರೇ, ನಮಗೇಕೆ?' ಎಂದು ಸಮಿತಿಯ ಮಿತ್ರರೊಬ್ಬರು ಕೇಳಿದರು. ಕೇಳಿದವರ ಹಿಂದೆಯೇ ಹತ್ತಿಯ ಹಿಮ ಹೊತ್ತ ಪ್ಲಾಸ್ಟಿಕ್ಕಿನ ಮರ ನಿಂತಿತ್ತೆಂಬುದನ್ನು ಅವರು ಗಮನಿಸಿರಲಿಲ್ಲ. ಐದನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನ ತೂರ್ ಪಟ್ಟಣದ ಬಿಷಪರಾದ ಪೆರ್ಪೆತುವುಸರು ಸಂತ ಮಾರ್ಟಿನರ ದಿನದಿಂದ, ಎಂದರೆ ನವೆಂಬರ್ 11ರಿಂದ, ಕ್ರಿಸ್‌ಮಸ್ಸಿನವರೆಗೆ ವಾರಕ್ಕೆ ಮೂರು ದಿನ ಉಪವಾಸವೆಂದು ವಿಧಿಸಿದ್ದು ನಿಜ. ಆದರೆ ಪೂರ್ವದೇಶದ ಸಭೆಗಳೂ ಈ ಹಬ್ಬಕ್ಕೆ ಮುನ್ನ ನೋಂಪಿ ಹಿಡಿಯುತ್ತವೆ. ದೂರವೇಕೆ, ನೆರೆಯ ಕೇರಳದ ಸಿರಿಯನ್ ಕ್ರೈಸ್ತರು ಡಿಸೆಂಬರ್ 1ರಿಂದ ಇಪ್ಪತ್ತೈದು ದಿನ ಮೀನು ಮಾಂಸ ಮುಟ್ಟದಿರುವ ವ್ರತವನ್ನು ತಲೆತಲಾಂತರದಿಂದ ನಡೆಸಿಕೊಂಡು ಬಂದಿದ್ದಾರೆ. ಅವರಿಗೆ ಹಿಮದ ಪರಿಚಯ ಎಷ್ಟಿದ್ದೀತು?

ಇನ್ನೊಂದು ಮಾತು ಡಿಸೆಂಬರ್ 3ರದು. ಅಂದು ಸಂತ ಫ್ರಾನ್ಸಿಸ್ ಜೇವಿಯರರ ದಿನ. ಗೋವೆಯ ಬೊಂ ಜೇಸು ಬಸಿಲಿಕದಲ್ಲಿ ಅವರ ದೇಹವಿದೆ; ಗೋವೆಯಿಂದ ವಲಸೆ ಬಂದವರ ಮಕ್ಕಳಾದ ನಮ್ಮ ಕರಾವಳಿಯವರಿಗೆ ಅವರ ಮೇಲೆ ಎಲ್ಲಿಲ್ಲದ ಭಕ್ತಿ. ಆದರೆ ಅವರು ಸತ್ತ ಬಗೆಯನ್ನು ನೆನೆಯುವವರು ಕಡಿಮೆ. 1552ರಲ್ಲಿ, ಚೀನದ ದಂಡೆಗೆ ಹತ್ತಿರದ ಒಂದು ದ್ವೀಪದಲ್ಲಿ, ಒಳನಾಡಿಗೆ ಕರೆದೊಯ್ಯುವ ದೋಣಿಗಾಗಿ ಕಾದು ಕಾದು, ಜ್ವರ ಬಂದು ತೀರಿಕೊಂಡರು. ದೋಣಿ ಬರಲಿಲ್ಲ. ಆಗಮನ ಕಾಲಕ್ಕೆ ಇದಕ್ಕಿಂತ ಒಪ್ಪುವ ಸಂತನನ್ನು ಯಾವ ಪಂಚಾಂಗದವನು ಹುಡುಕಿ ತಂದಾನು? ಅವರ ಹಬ್ಬದ ಸಂಜೆಯೇ ನಮ್ಮ ಯುವಕರು ಸಾಂತಾಕ್ಲಾಸನ ವೇಷದಲ್ಲಿ ಬೀದಿಗಿಳಿಯುತ್ತಾರೆ. ಆ ಸಾಂತಾಕ್ಲಾಸನ ಮೂಲವಾದ ಮಿರಾ ಪಟ್ಟಣದ ಬಿಷಪ್ ನಿಕೊಲಾಸರ ದಿನ ಡಿಸೆಂಬರ್ 6. ಅಂದು ಪೂಜೆಗೆ ಬಂದವರನ್ನು ಎಣಿಸಲು ನನಗೆ ಎರಡು ಕೈಯ ಬೆರಳು ಸಾಕಾದುವು.

ಕೊಲ್ಲಿಯಿಂದ ಹದಿನೈದು ದಿನದ ರಜೆಯಲ್ಲಿ ಬಂದವನು ಹೆಂಡತಿ ಮಕ್ಕಳೊಡನೆ ಮುಂಚಿತವಾಗಿಯೇ ಹಬ್ಬದೂಟ ಉಂಡು ವಿಮಾನ ಹತ್ತಿದರೆ ನನ್ನ ತಕರಾರಿಲ್ಲ. ಅವನು ವರ್ಷವಿಡೀ ಕಾದವನು. ರಜೆಗೆ ಮುಂಚೆ ಶಾಲೆಯ ಮಕ್ಕಳು ನಾಟಕವಾಡಿದರೂ ಇಲ್ಲ. ನನ್ನ ತಕರಾರು ಇಗರ್ಜಿಯೇ ಅಂಗಡಿಯವನ ಪಂಚಾಂಗವನ್ನು ಕೈಗೆತ್ತಿಕೊಂಡದ್ದಕ್ಕೆ. ಅಂಗಡಿಯವನಿಗೆ 25ಕ್ಕೆ ವ್ಯಾಪಾರ ಮುಗಿಯುತ್ತದೆ. ಅವನು ಮೊದಲೇ ಗಂಟೆ ಬಾರಿಸುವುದು ಅವನ ಧರ್ಮ.

ನನ್ನ ತಾಯಿ ಹಬ್ಬದ ಹಿಂದಿನ ವಾರ ಕುಸ್ವಾರ್ ಮಾಡುತ್ತಿದ್ದರು. ನೆವ್ರಿ, ಕಿಡಿಯೊ, ಗುಳಿಯೊ, ಎಳ್ಳುಂಡೆ, ಎಲ್ಲವೂ ತಗಡಿನ ಡಬ್ಬಿಗಳಲ್ಲಿ ಅಟ್ಟಕ್ಕೇರುತ್ತಿದ್ದುವು. ಎಣ್ಣೆಯ ಪರಿಮಳ ಮನೆಯೆಲ್ಲ ತುಂಬಿರುತ್ತಿತ್ತು. ಆದರೆ ನಡುರಾತ್ರಿಯ ಪೂಜೆ ಮುಗಿಯುವ ತನಕ ಒಂದು ಕಿಡಿಯೊ ಕೂಡ ಬಾಯಿಗಿಲ್ಲ. ಒಮ್ಮೆ ಕದ್ದೆ. ತಾಯಿ ಬೈಯಲಿಲ್ಲ, 'ಇನ್ನು ನಿನಗೆ ಹಬ್ಬದ ದಿನ ಏನು ಉಳಿಯಿತು, ಮಗಾ?' ಎಂದು ಕೇಳಿ ಒಲೆಯ ಕಡೆ ತಿರುಗಿದರು. ಸಮಿತಿಯಲ್ಲಿ ನಾನು ಆಡುವ ವಾದವೆಲ್ಲ ಈ ಪ್ರಶ್ನೆಯದೇ ಬಡ್ಡಿ.

ಮುಂಚಿತವಾಗಿ ತೊಡಗಿದ್ದರಿಂದ ಹೋಗುವುದು ಕಾಯುವ ದಿನಗಳಷ್ಟೇ ಅಲ್ಲ, ಹಬ್ಬದ ಅರ್ಧವೂ ಹೋಗುತ್ತದೆ. 25ರ ಬಿಳಿಯ ಉಡುಪು 26ಕ್ಕೆ ಕೆಂಪಾಗುತ್ತದೆ: ಅಂದು ಕಲ್ಲೇಟಿನಿಂದ ಸತ್ತ ಮೊದಲ ರಕ್ತಸಾಕ್ಷಿ ಸ್ತೇಫನರ ದಿನ. 28 ಹಸುಳೆಗಳ ದಿನ. ಬೆತ್ಲೆಹೇಮಿನಲ್ಲಿ ಎರಡು ವರ್ಷದೊಳಗಿನ ಗಂಡು ಕೂಸುಗಳನ್ನು ಹೆರೋದನು ಕೊಲ್ಲಿಸಿದನೆಂದು ಮತ್ತಾಯ ಬರೆದಿದ್ದಾನಲ್ಲ, ಆ ಕೂಸುಗಳ ನೆನಪು. ತೊಟ್ಟಿಲಿನಿಂದ ಮೂರು ಹೆಜ್ಜೆಗೆ ಹೆಣವನ್ನಿಟ್ಟವರು ಹಬ್ಬವನ್ನು ಬಲ್ಲವರು. ನಾವು ಹೆಣವನ್ನು ಪಂಚಾಂಗದಲ್ಲೇ ಬಿಟ್ಟು ತೊಟ್ಟಿಲನ್ನು ಮಾತ್ರ ಎತ್ತಿಕೊಂಡಿದ್ದೇವೆ.

ಕೆಲವು ವರ್ಷಗಳ ಹಿಂದಿನ ಡಿಸೆಂಬರ್ 28. ಬೆಳಗಿನ ಪೂಜೆಗೆ ನಾವು ಏಳು ಮಂದಿ. ಹಿಂದಿನ ಬೆಂಚಿನಲ್ಲಿ ನಮ್ಮ ವಾಳೆಯ ಒಬ್ಬ ಹೆಣ್ಣುಮಗಳು ಕುಳಿತಿದ್ದಳು. ಆ ಮಳೆಗಾಲದಲ್ಲಿ ಅವಳ ನಾಲ್ಕು ತಿಂಗಳ ಮಗು ಹೋಗಿತ್ತು. ಹಬ್ಬದ ಗದ್ದಲಕ್ಕೆ ಅವಳು ಬಂದಿರಲಿಲ್ಲ. ಬರಲಾರಳೆಂದು ಯಾರೂ ಕರೆದಿರಲೂ ಇಲ್ಲ. ಪೂಜೆಯ ಬಳಿಕ ಮೇಣದ ಬತ್ತಿ ಹಿಡಿದು ಬಲಗಡೆಯ ಮೂಲೆಗೆ ಹೋದವಳು ಅಲ್ಲೇ ನಿಂತಳು.

'ಗೋದಲಿ ಎಲ್ಲಿ ಮಾಸ್ತರೇ?'

ದೀಪದ ಗುತ್ತಿಗೆಯವನಿಗೆ ಮರುದಿನ ಮದುವೆಯ ಚಪ್ಪರವಿತ್ತು. ಹದಿನೈದು ದಿನ ಉರಿದದ್ದು ಸಾಕೆಂದು ಸಮಿತಿ ಒಪ್ಪಿ, ಹಿಂದಿನ ಸಂಜೆಯೇ ಎಲ್ಲವನ್ನೂ ಬಿಚ್ಚಿಸಿತ್ತು. ನೆಲದ ಮೇಲೆ ಒಂದಿಷ್ಟು ಹುಲ್ಲು ಉಳಿದಿತ್ತು. ನಾನೂ ಆ ಸಮಿತಿಯವನೇ, ಏನು ಹೇಳಲಿ? ಅವಳು ಬತ್ತಿಯನ್ನು ಆ ಹುಲ್ಲಿನಿಂದ ದೂರಕ್ಕೆ, ಗೋಡೆಯ ಬದಿಗೆ ಹಚ್ಚಿಟ್ಟು ಹೋದಳು.

ಬರುವ ನವೆಂಬರದಲ್ಲಿ ಸಮಿತಿ ಮತ್ತೆ ಕೂಡುತ್ತದೆ. ನನ್ನ ಬೇಡಿಕೆ ಎರಡೇ. 24ರ ರಾತ್ರಿಯವರೆಗೆ ಗೋದಲಿಯ ಹುಲ್ಲು ಬರಿದಾಗಿರಲಿ. ಆ ಮೇಲೆ, ದೀಪಗಳನ್ನು ಬೇಕಾದರೆ ಒಯ್ಯಲಿ, ಜನವರಿಯ ಹಬ್ಬದ ತನಕ ಕೂಸನ್ನು ಎತ್ತಕೂಡದು.